ಇಂದಿನ ಚಿಂತನೆ: ಬೆಳೆಸಿ ಬಿಟ್ಟುಕೊಡುವುದು



ನನ್ನ ತಂಗಿಯ ಮಗ ಅಮೆರಿಕದ ಟ್ಯಾಂಪಾದಲ್ಲಿದ್ದಾನೆ. ಅಲ್ಲಿಯ ಬೇಸ್‌ಬಾಲ್ ತಂಡ ರೇಸ್ ಎಂದರೆ ಅವನಿಗೆ ಪ್ರಾಣ. "ದೊಡ್ಡಮ್ಮ, ಈ ತಂಡದ ಆಟಗಾರರ ಹೆಸರಿರೋ ಅಂಗಿ ಮಾತ್ರ ತಗೋಬಾರದು. ಬಣ್ಣ ಮಾಸೋಕೆ ಮುಂಚೆ ಅವನು ಬೇರೆ ಊರಲ್ಲಿರ್ತಾನೆ" ಅಂತ ನಗುತ್ತಾನೆ.

ನಮ್ಮ ಐಪಿಎಲ್‌ನಲ್ಲಿ ಎಲ್ಲ ತಂಡಗಳಿಗೂ ಖರ್ಚಿನ ಮಿತಿ ಒಂದೇ. ಅಲ್ಲಿ ಹಾಗಿಲ್ಲ. 2002ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಸಂಬಳಕ್ಕೆ ಸುಮಾರು 12.5 ಕೋಟಿ ಡಾಲರ್ ಖರ್ಚು ಮಾಡಿತು, ಓಕ್ಲೆಂಡ್ ಅಥ್ಲೆಟಿಕ್ಸ್ ಸುಮಾರು 4 ಕೋಟಿ. ಗೆದ್ದ ಪಂದ್ಯಗಳು ಮಾತ್ರ ಇಬ್ಬರದೂ 103! ಬೇರೆಯವರು ಬಿರುಸಿನ ಹೊಡೆತಕ್ಕೆ ದುಡ್ಡು ಸುರಿಯುತ್ತಿದ್ದಾಗ ಓಕ್ಲೆಂಡಿನ ಬಿಲ್ಲಿ ಬೀನ್, ಕೆಟ್ಟ ಎಸೆತಗಳನ್ನು ಬಿಟ್ಟು ಸುಮ್ಮನೆ ಮೊದಲ ಬೇಸ್‌ಗೆ ನಡೆದುಹೋಗಬಲ್ಲ ತಾಳ್ಮೆಯವರನ್ನು ಹುಡುಕಿದರು. ತಾಳ್ಮೆಗೆ ಆಗ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ.

ಇನ್ನೊಂದು ದಾರಿ ಎಳೆಯರದ್ದು. ದೊಡ್ಡ ಲೀಗ್‌ಗೆ ಬಂದ ಹುಡುಗ ಸುಮಾರು ಆರು ವರ್ಷ ತಂಡಕ್ಕೆ ಬದ್ಧ. ಮೊದಲ ಮೂರು ವರ್ಷವಂತೂ ಹೆಚ್ಚುಕಡಿಮೆ ಕನಿಷ್ಠ ಸಂಬಳ. ಅವನು ದುಬಾರಿಯಾಗುವ ಹೊತ್ತಿಗೆ ಕೊಟ್ಟು, ಬದಲಿಗೆ ಇನ್ನೂ ಎಳೆಯರನ್ನು ತರುವುದು ರೇಸ್‌ನವರ ಪದ್ಧತಿ. 2018ರಲ್ಲಿ ಕ್ರಿಸ್ ಆರ್ಚರ್‌ನನ್ನು ಕೊಟ್ಟು ಟೈಲರ್ ಗ್ಲಾಸ್ನೋ ಮತ್ತಿಬ್ಬರನ್ನು ತಂದರು. 2023ರಲ್ಲಿ ಆ ಗ್ಲಾಸ್ನೋನನ್ನೂ ಕೊಟ್ಟರು. ಬ್ಲೇಕ್ ಸ್ನೆಲ್‌ನನ್ನು 2011ರಲ್ಲಿ ಹುಡುಗನಾಗಿದ್ದಾಗ ಆರಿಸಿ ಬೆಳೆಸಿದವರೂ ಅವರೇ. 2020ರ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದಲ್ಲಿ ಚೆಂಡು ಎಸೆದಿದ್ದ ಅವನು, ಅದೇ ಡಿಸೆಂಬರಿನಲ್ಲಿ ಸ್ಯಾನ್ ಡಿಯೇಗೊ ತಂಡದ ಪಾಲಾದ.

ಇದನ್ನೆಲ್ಲ ಕೇಳಿದಾಗ ನನಗೆ ಮೊದಲು ಹೊಳೆದದ್ದು ಅನಾಸಕ್ತಿ. ಎಷ್ಟು ಚೆನ್ನಾಗಿ ಬಿಟ್ಟುಕೊಡುತ್ತಾರಲ್ಲ ಅಂತ ಡೈರಿಯಲ್ಲೂ ಬರೆದುಕೊಂಡೆ. ಆಮೇಲೆ ಒಂದು ಪದ ಕಾಡಿತು. ಪಾಲಿಯಲ್ಲಿ ಉಪೇಕ್ಖಾ ಎಂದರೆ ಸಮಚಿತ್ತ. ಮೈತ್ರಿ, ಕರುಣೆ, ಮುದಿತೆಗಳ ಜೊತೆಗೆ ನಿಲ್ಲುವ ಗುಣ. ಅದೇ ಪದ ಕನ್ನಡದಲ್ಲಿ ಉಪೇಕ್ಷೆಯಾದಾಗ ಅರ್ಥ ಕಡೆಗಣಿಸುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಸ್ನೆಲ್ ವಿಷಯದಲ್ಲಿ ನನಗೆ ಬೇಸರವಿಲ್ಲ. ಹೋದಕಡೆ ಅವನಿಗೆ ಒಳ್ಳೆಯದೇ ಆಯಿತು. ತಂಡವೂ ಮೋಸ ಮಾಡಲಿಲ್ಲ, ಅದರ ಜಾಣತನವನ್ನು ನಾನು ಈಗಲೂ ಮೆಚ್ಚುತ್ತೇನೆ. ನನ್ನ ಕಣ್ಣಿಗೆ ಬಿದ್ದವರು ಕೆಳಗಿನ ಲೀಗ್‌ಗಳ ಹುಡುಗರು. ಅವರಲ್ಲಿ ಬಹುಪಾಲು ಜನ ಮೇಲಕ್ಕೆ ಬರುವುದೇ ಇಲ್ಲ. ಬರೀ ಬಡ ತಂಡಗಳದ್ದಲ್ಲ, ಸಿರಿವಂತ ತಂಡಗಳದ್ದೂ ಇದೇ ಕಥೆ. ದೊಡ್ಡ ಲೀಗ್‌ನಿಂದ ಒಂದೇ ಮೆಟ್ಟಿಲು ಕೆಳಗಿದ್ದವರಿಗೂ 2022ರವರೆಗೆ ವರ್ಷಕ್ಕೆ ಕನಿಷ್ಠ 17,500 ಡಾಲರ್. ಅವರು ಸಂಘ ಕಟ್ಟಿಕೊಂಡ ಮೇಲೆ, 2023ರಲ್ಲಿ ಅದು 35,800 ಆಯಿತು. ಅಂದರೆ ಕೊಡಲು ಆಗದ್ದೇನೂ ಆಗಿರಲಿಲ್ಲ.

ಕೈಬಿಟ್ಟ ಮೇಲೂ ಅವನ ಒಳಿತನ್ನು ಬಯಸುವ ಮನಸ್ಸಿದ್ದರೆ ಉಪೇಕ್ಖಾ ಅನ್ನಬಹುದೇನೋ. ಬೆಲೆ ಏರಿತೆಂದೋ, ಬೆಲೆಯೇ ಬರಲಿಲ್ಲವೆಂದೋ ಬಿಟ್ಟರೆ?

ಮೊನ್ನೆ ಫೋನಿನಲ್ಲಿ ಮಗನನ್ನೇ ಕೇಳಿದೆ, "ಮೇಲೆ ಬರದೆ ಮನೆಗೆ ಹೋದವರು ಯಾರ್ಯಾರಪ್ಪ?" ಹನ್ನೆರಡು ವರ್ಷದಿಂದ ಒಂದು ಪಂದ್ಯವನ್ನೂ ಬಿಡದೆ ನೋಡಿದವನು. ಸ್ವಲ್ಪ ಹೊತ್ತು ಯೋಚಿಸಿದ. ಒಬ್ಬರ ಹೆಸರೂ ನೆನಪಾಗಲಿಲ್ಲ.