ಪಂದ್ಯ ಮುಗಿದ ಮೇಲೆ ಹೊರಗಿನವ

2023ರ ಮೇ ತಿಂಗಳಲ್ಲಿ ತೆರೆಕಂಡ ‘ಡೇರ್‌ಡೆವಿಲ್ ಮುಸ್ತಫಾ’ ಚಿತ್ರಕ್ಕೆ ಹಣ ಹಾಕಿದವರು ಪೂರ್ಣಚಂದ್ರ ತೇಜಸ್ವಿಯವರ ಓದುಗರು. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಒಂದು ಕಥೆಯನ್ನು ಶಶಾಂಕ್ ಸೋಗಾಲ್ ಸಿನಿಮಾ ಮಾಡಿದರು, ನಟ ಧನಂಜಯ ಬೆನ್ನಿಗೆ ನಿಂತರು, ರಾಜ್ಯ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು. ಹಿಂದೂ ಹುಡುಗರೇ ತುಂಬಿದ ತರಗತಿಗೆ ಮುಸ್ತಫಾ ಎಂಬ ಒಬ್ಬನೇ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ. ರಾಮಾನುಜ ಅಯ್ಯಂಗಾರಿ ಮತ್ತವನ ಗೆಳೆಯರಿಗೆ ಅವನನ್ನು ಕಂಡರಾಗದು. ಮುಸಲ್ಮಾನರ ಬಗ್ಗೆ ಅವರಿಗೆ ಗೊತ್ತಿರುವುದೆಲ್ಲ ಅವರಿವರ ಬಾಯಿಂದ ಕೇಳಿದ್ದು. ಜಗಳ, ಗುಮಾನಿ, ಕ್ರಿಕೆಟ್ಟು ಎಲ್ಲವನ್ನೂ ದಾಟಿ ನಗುನಗುತ್ತಲೇ ಚಿತ್ರ ಮುಗಿಯುತ್ತದೆ.

ಇಂಥ ಚಿತ್ರದಲ್ಲಿ ನಗು ಹುಟ್ಟುವುದೆಲ್ಲಿ? ಮೊದಲ ಅರ್ಧದಲ್ಲಿ ಹೊರಗಿನವನ ಮೇಲೆ. ಅವನ ಹೆಸರು, ಉಡುಪು, ಹಾವಭಾವ ಎಲ್ಲವೂ ಒಳಗಿನವರಿಗೆ ವಿಚಿತ್ರ. ಆದರೆ ಒಳ್ಳೆಯ ಚಿತ್ರದಲ್ಲಿ ನಗು ಅಲ್ಲೇ ನಿಲ್ಲದೆ ಜಾಗ ಬದಲಿಸುತ್ತದೆ. ಯಾರೂ ಪ್ರಶ್ನಿಸದ ಕಟ್ಟಳೆಯೊಂದು, ಅದನ್ನರಿಯದ ಒಬ್ಬ ಬಂದು ಎಡವಿದಾಗ ಥಟ್ಟನೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಆಗ ಒಳಗಿನವರೇ ತಮ್ಮನ್ನು ಕಂಡು ನಗತೊಡಗುತ್ತಾರೆ. 1973ರ ಫ್ರೆಂಚ್ ಚಿತ್ರ ‘ರಬ್ಬಿ ಜೇಕಬ್’ ಇದನ್ನು ತಿರುಗಾಮುರುಗಾ ಮಾಡಿ ತೋರಿಸಿತು. ಅಲ್ಲಿ ಯಹೂದಿಗಳನ್ನು ಕಂಡರಾಗದ ಶ್ರೀಮಂತನೊಬ್ಬ ಜೀವ ಉಳಿಸಿಕೊಳ್ಳಲು ರಬ್ಬಿಯ ವೇಷ ಹಾಕಿ, ಪ್ಯಾರಿಸ್ಸಿನ ಯಹೂದಿ ಬೀದಿಯಲ್ಲಿ ಮಂದಿಗೆ ಆಶೀರ್ವಾದ ಮಾಡಬೇಕಾಗುತ್ತದೆ. ಇಲ್ಲಿ ಪೆಟ್ಟು ತಿನ್ನುವುದು ಹೊರಗಿನಿಂದ ಬಂದವನ ದ್ವೇಷ.

ಇಷ್ಟರಮಟ್ಟಿಗೆ ಈ ಬಗೆಯ ಹಾಸ್ಯವನ್ನು ಮನಸಾರೆ ಒಪ್ಪಬಹುದು. ತೊಡಕಿರುವುದು ಕೊನೆಯ ಭಾಗದಲ್ಲಿ. ನಕ್ಕಾದ ಮೇಲೆ ಹೊರಗಿನವನನ್ನು ಯಾವ ಆಧಾರದ ಮೇಲೆ ಒಳಗೆ ಬಿಟ್ಟುಕೊಳ್ಳುತ್ತಾರೆ? ಈ ಪ್ರಶ್ನೆಯನ್ನು ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ, ಯಡ್ರಾಮಿ ತಾಲ್ಲೂಕುಗಳಷ್ಟು ಆಳವಾಗಿ ಕೇಳಿಕೊಂಡ ನೆಲ ಅಪರೂಪ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ಭೀಮಾ–ಅಮರಜಾ ಸಂಗಮದ ಊರು, ನೃಸಿಂಹ ಸರಸ್ವತಿಗಳು ನೆಲೆಸಿದ್ದ ದತ್ತಕ್ಷೇತ್ರ. ಅವರ ಚರಿತ್ರೆಯನ್ನು ಮರಾಠಿಯಲ್ಲಿ ‘ಗುರುಚರಿತ್ರೆ’ಯಾಗಿ ಬರೆದವರು ಸರಸ್ವತಿ ಗಂಗಾಧರ. ಅವರು ಆಳಂದ ತಾಲ್ಲೂಕಿನ ಕಡಗಂಚಿಯವರೆಂದು ಪರಂಪರೆ ನಂಬುತ್ತದೆ. ಆ ಗ್ರಂಥದಲ್ಲೊಂದು ಪ್ರಸಂಗವಿದೆ. ವೇದ ಕಲಿತ ಸೊಕ್ಕಿನ ಇಬ್ಬರು ಪಂಡಿತರು ಊರೂರಲ್ಲಿ ವಾದ ಹೂಡಿ, ಸೋತವರಿಂದ ಜಯಪತ್ರ ಬರೆಸಿಕೊಳ್ಳುತ್ತ ಗಾಣಗಾಪುರಕ್ಕೆ ಬರುತ್ತಾರೆ. ಗುರುಗಳು ಎಷ್ಟು ಹೇಳಿದರೂ ಕೇಳುವುದಿಲ್ಲ. ಆಗ ಗುರುಗಳು ದಾರಿಯಲ್ಲಿ ಹೋಗುತ್ತಿದ್ದ ಅಸ್ಪೃಶ್ಯನೊಬ್ಬನನ್ನು ಕರೆಸಿ, ನೆಲದ ಮೇಲೆ ಏಳು ಗೆರೆ ಎಳೆಸಿ, ಒಂದೊಂದಾಗಿ ದಾಟಲು ಹೇಳುತ್ತಾರೆ. ಒಂದು ಗೆರೆ ದಾಟಿದರೆ ಒಂದು ಹಿಂದಿನ ಜನ್ಮದ ನೆನಪು. ಕೊನೆಯ ಗೆರೆ ದಾಟಿ, ಮೈಗೆ ವಿಭೂತಿ ಬಿದ್ದಾಗ ಅವನ ಬಾಯಿಂದ ವೇದ ಹೊರಡುತ್ತದೆ. ಪಂಡಿತರು ಬಾಯಿ ಕಟ್ಟಿ ನಿಲ್ಲುತ್ತಾರೆ.

ಹೊರಗಿನವನ ಹಾಸ್ಯಚಿತ್ರಕ್ಕೆ ಬೇಕಾದ ಕಟ್ಟು ಇದರಲ್ಲಿ ಪೂರ್ತಿ ಇದೆ: ಬಿಗಿಯಾದ ಕಟ್ಟಳೆ, ಅಹಂಕಾರಿ ಕಾವಲುಗಾರರು, ಯಾರೂ ಲೆಕ್ಕಕ್ಕಿಡದ ಒಬ್ಬ, ಅವನ ಕೈಯಲ್ಲೇ ಸೋಲು. ಆದರೆ ಗುರುಚರಿತ್ರೆ ಅಲ್ಲಿಗೆ ಮುಗಿಯುವುದಿಲ್ಲ, ಮುಂದಿನ ಅಧ್ಯಾಯಕ್ಕೆ ಹೋಗುತ್ತದೆ. ವಾದ ಗೆದ್ದವನು ಮನೆಗೆ ಹೋಗಲೊಲ್ಲ. ತನ್ನನ್ನು ಬ್ರಾಹ್ಮಣನಾಗಿಯೇ ಇರಿಸಿಕೊಳ್ಳಿ ಎಂದು ಬೇಡುತ್ತಾನೆ. ಹೆಂಡತಿ ಮಕ್ಕಳು ಹುಡುಕಿಕೊಂಡು ಬಂದರೆ ಮುಟ್ಟಬೇಡಿ ಎಂದು ಅವರನ್ನೇ ಬೈದು ಅಟ್ಟುತ್ತಾನೆ. ಕೊನೆಗೆ ಗುರುಗಳ ಅಪ್ಪಣೆಯಂತೆ ಒಬ್ಬ ಅವನ ಮೈಮೇಲೆ ನೀರು ಸುರಿಯುತ್ತಾನೆ. ವಿಭೂತಿ ತೊಳೆದುಹೋಗುತ್ತದೆ, ಅದರ ಜತೆ ವೇದವೂ ಹೋಗುತ್ತದೆ. ನಾನು ಇಲ್ಲಿಗೆ ಹೇಗೆ ಬಂದೆ ಎಂದು ಬೆರಗಾಗುತ್ತ ಅವನು ಹೆಂಡತಿ ಮಕ್ಕಳ ಜತೆ ಊರಾಚೆಗೆ ನಡೆಯುತ್ತಾನೆ.

ಭಕ್ತರು ಇದನ್ನು ಕರ್ಮದ ವಿವರಣೆಯಾಗಿ ಓದುತ್ತಾರೆ. ಆ ಓದಿಗೆ ಅದರದೇ ಗೌರವವಿದೆ. ಆದರೂ ಕಥೆಯ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಹೊರಗಿನವನನ್ನು ಒಂದು ಮಧ್ಯಾಹ್ನದ ಕೆಲಸಕ್ಕೆ ಬಳಸಿಕೊಂಡು ವಾಪಸು ಕಳಿಸಿದ್ದನ್ನು ಅದು ಮುಚ್ಚಿಡುವುದಿಲ್ಲ. ನಮ್ಮ ಸಿನಿಮಾಗಳು ಮುಚ್ಚಿಡುತ್ತವೆ. ‘ಲಗಾನ್’ ಚಿತ್ರದ ಅಸ್ಪೃಶ್ಯ ಕಚರಾ ಊರ ಕ್ರಿಕೆಟ್ ತಂಡಕ್ಕೆ ಸೇರುವುದು ಅವನ ಊನವಾದ ಕೈಯಲ್ಲಿ ಚೆಂಡು ವಿಪರೀತ ತಿರುಗುವುದರಿಂದ. ನಾಯಕ ಭುವನ್ ಅಸ್ಪೃಶ್ಯತೆಯ ವಿರುದ್ಧ ಗಟ್ಟಿಯಾಗಿಯೇ ಮಾತಾಡುತ್ತಾನೆ, ನಿಜ. ಆದರೆ ಚೆಂಡು ತಿರುಗದಿದ್ದರೆ ಆ ಮಾತಿಗೆ ಸಂದರ್ಭವೇ ಒದಗುತ್ತಿರಲಿಲ್ಲ. ಪಂದ್ಯ ಗೆದ್ದು, ಮಳೆ ಬಂದು, ಕರ ಮನ್ನಾ ಆದ ಮೇಲೆ ಊರ ಬಾವಿಯಲ್ಲಿ ಕಚರಾ ನೀರು ಸೇದಿದನೇ? ಚಿತ್ರ ಹೇಳುವುದಿಲ್ಲ. ಉಪಯೋಗಕ್ಕೆ ಬಂದವನನ್ನು ಒಪ್ಪುವುದು ಸುಲಭ. ಅದನ್ನು ಸ್ವೀಕಾರ ಎನ್ನುವುದು ಕಷ್ಟ.

ಕಲಬುರಗಿ ಭಾಗದಲ್ಲಿ ಇದು ಬರೀ ಸಿನಿಮಾ ಚರ್ಚೆಯಲ್ಲ. ಹೈದರಾಬಾದ್ ಸಂಸ್ಥಾನದ ಮೇಲೆ 1948ರಲ್ಲಿ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ (ಇಂದಿನ ಕಲಬುರಗಿ) ಆ ಹಿಂಸೆಯ ತನಿಖೆಗೆ ಬಂದ ಸುಂದರಲಾಲ್ ಸಮಿತಿ ಹೆಸರಿಸಿತ್ತು. ಆಳಂದದ ಲಾಡ್ಲೆ ಮಶಾಯಿಕ್ ದರ್ಗಾದ ಆವರಣದಲ್ಲಿ ರಾಘವ ಚೈತನ್ಯ ಶಿವಲಿಂಗವಿದೆ. 2022ರ ಶಿವರಾತ್ರಿಯ ದಿನ ಅಲ್ಲಿ ಕಲ್ಲು ತೂರಾಟವಾಯಿತು. 2025ರ ಶಿವರಾತ್ರಿಗೆ 15 ಜನ ಒಳಹೋಗಿ ಪೂಜೆ ಮಾಡಲು ಹೈಕೋರ್ಟಿನ ಕಲಬುರಗಿ ಪೀಠ ಅನುಮತಿ ಕೊಟ್ಟಿತು. ಶಾಂತಿ ಕಾಯಲು ಬಹುಶಃ ಬೇರೆ ದಾರಿ ಇರಲಿಲ್ಲ. ಆದರೆ ತಲೆ ಎಣಿಸಿ ಒಳಬಿಡಬೇಕಾದ ಸ್ಥಿತಿ ಬಂದಿದೆ ಎಂಬುದು ನೋವಿನ ಸಂಗತಿ. ಹಾಗಿದ್ದೂ ಇದೇ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ದೇವರು ಹೊರುವವರಲ್ಲಿ, ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇರುತ್ತಾರೆ. ಮೈಗೆ ಮಸಿ ಬಳಿದು, ಉದ್ದ ಟೊಪ್ಪಿಗೆ ಹಾಕಿ, ಸೊಂಟಕ್ಕೆ ಗಂಟೆ ಕಟ್ಟಿದ ಅಳ್ಳೊಳ್ಳಿ ಬವ್ವಾ ಎಂಬ ವೇಷಧಾರಿ ಮನೆ ಮನೆಗೂ ಹೋಗಿ ನಗಿಸುತ್ತಾನೆ. ಶೋಕದ ಆಚರಣೆಯೊಳಗೇ ನಗುವಿಗೆ ಜಾಗ ಬಿಟ್ಟ ಜನ ಇವರು. ನಗು ಭಕ್ತಿಗೆ ಅಪಚಾರ ಎನ್ನುವವರಿಗೆ ಉತ್ತರ ಅಲ್ಲೇ ಇದೆ.

ಗಾಣಗಾಪುರದ ಕಥೆಗೆ ಎದುರಾಗಿ ನಿಲ್ಲಬಲ್ಲ ಇನ್ನೊಂದು ಬದುಕೂ ಇದೇ ನೆಲದ್ದು. ತತ್ವಪದಕಾರ ಕಡಕೋಳದ ಮಡಿವಾಳಪ್ಪ ಹುಟ್ಟಿದ್ದು ಅಫಜಲಪುರ ಸೀಮೆಯ ಬಿದನೂರಿನಲ್ಲಿ. ಅವರು ವಿಧವೆಯ ಮಗ, ಆ ಕಾರಣಕ್ಕೇ ಸ್ವಂತ ಸಮುದಾಯ ಅವರನ್ನು ಹೊರಗಿಟ್ಟಿತು ಎಂದು ಜನರ ನೆನಪು ಹೇಳುತ್ತದೆ. ಅಲೆದು, ಮರುಳಾರಾಧ್ಯರನ್ನು ಗುರುವಾಗಿ ಪಡೆದು, ಅವರು ನೆಲೆ ನಿಂತದ್ದು ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದ, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದ ಕಡಕೋಳದಲ್ಲಿ. ಅವರ ತತ್ವಪದಗಳಲ್ಲಿ ವ್ಯಂಗ್ಯ ಹರಿತವಾಗಿದೆ: ಡಾಂಭಿಕ ಗುರುಗಳು, ಜಾತಿಯ ಬಿಂಕ, ಒಳಗೆ ಏನೂ ಇಲ್ಲದ ಹೊರವೇಷ. ಹೊರಗೆ ನಿಂತವನಿಗೆ ಒಳಗಿನ ಬಿರುಕು ಚೆನ್ನಾಗಿ ಕಾಣುತ್ತದೆ. ಮಡಿವಾಳಪ್ಪನವರು ಕಂಡದ್ದನ್ನು ಹಾಡಿದರು.

ಇಷ್ಟೇ ಆಗಿದ್ದರೆ ಅವರು ಮತ್ತೊಬ್ಬ ವಿಡಂಬನಕಾರ ಎನಿಸಿಕೊಂಡು ಉಳಿಯುತ್ತಿದ್ದರು. ಅವರು ಮಾಡಿದ ದೊಡ್ಡ ಕೆಲಸ ಬೇರೆ. ಯಾವ ಪಂದ್ಯ ಗೆದ್ದೂ ಹಳೆಯ ಅಂಗಳಕ್ಕೆ ಮರಳಲು ಅರ್ಜಿ ಹಾಕಲಿಲ್ಲ. ತಮ್ಮದೇ ಒಂದು ಬಳಗ ಕಟ್ಟಿದರು. ಅದರಲ್ಲಿ ಚನ್ನೂರಿನ ಜಲಾಲಸಾಹೇಬರಿದ್ದರು, ಖೈನೂರಿನ ಕೃಷ್ಣಪ್ಪನವರಿದ್ದರು, ತೆಲಗಬಾಳದ ರೇವಪ್ಪನವರಿದ್ದರು. ಮುಸಲ್ಮಾನ, ಬ್ರಾಹ್ಮಣ ಎಂಬ ಗುರುತು ಅಲ್ಲಿ ಯಾರನ್ನೂ ಬಾಗಿಲಲ್ಲಿ ತಡೆಯಲಿಲ್ಲ. ಅವರೂ ಪದ ಕಟ್ಟಿದರು. ಏಕತಾರಿ, ದಮ್ಮಡಿ ಹಿಡಿದವರು ಗುರುವಿನ ಪದದ ಬೆನ್ನಿಗೇ ಶಿಷ್ಯರ ಪದವನ್ನೂ ಹಾಡಿದರು. ಜಲಾಲಸಾಹೇಬರು ಆ ಬಳಗಕ್ಕೆ ಏನು ಗೆದ್ದುಕೊಟ್ಟರು ಎಂದು ಯಾರೂ ಕೇಳಿದಂತಿಲ್ಲ.

ಈ ಅಳತೆಗೋಲು ಹಿಡಿದು ನೋಡಿದರೆ ‘ಮುಸ್ತಫಾ’ ಅರ್ಧ ದಾರಿ ಚೆನ್ನಾಗಿ ನಡೆದ ಚಿತ್ರ. ನಗುವನ್ನು ಅದು ಹೊರಗಿನವನಿಂದ ಒಳಗಿನವರ ಅಜ್ಞಾನದ ಕಡೆಗೆ ತಿರುಗಿಸಿತು; ಕಾಲೇಜು ಹುಡುಗಿಯರ ತಲೆವಸ್ತ್ರವೇ ನ್ಯಾಯಾಲಯಕ್ಕೆ ಹೋದ 2022ರ ಮರುವರ್ಷವೇ ಅಂಥದ್ದೊಂದು ತರಗತಿಯಲ್ಲಿ ಜನರನ್ನು ಒಟ್ಟಿಗೆ ಕೂರಿಸಿ ನಗಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಅದರ ನಾಯಕ ಧೈರ್ಯವಂತ, ಎಲ್ಲರ ಮನ ಗೆಲ್ಲಬಲ್ಲವ. ಅಂಥವನನ್ನು ಒಲ್ಲೆನೆನ್ನುವುದೇ ಕಷ್ಟ. ಮುಂದಿನ ಚಿತ್ರ ಬರೆಯುವವರು ಸಾಮಾನ್ಯನೊಬ್ಬನನ್ನು ಕರೆತರಬೇಕು. ಬ್ಯಾಟು ಹಿಡಿಯಲು ಬಾರದ, ಮಾತಿನಲ್ಲಿ ಚುರುಕಿಲ್ಲದ, ಕೈಗೆ ಬಂದ ಕ್ಯಾಚು ಬಿಟ್ಟು ತಂಡವನ್ನು ಸೋಲಿಸಿದ ಮುಸ್ತಫಾ ಮರುದಿನ ಬೆಳಿಗ್ಗೆ ತರಗತಿಗೆ ಬಂದಾಗ, ಅಯ್ಯಂಗಾರಿ ತನ್ನ ಬೆಂಚಿನಲ್ಲಿ ಸರಿದು ಕೂತು ಜಾಗ ಬಿಡುತ್ತಾನೆಯೇ?