ನಾಣ್ಯದ ಸತ್ಯ, ನಾಲಿಗೆಯ ಸತ್ಯ

ಚೀನಾದ ಹಳೆಯ ನಾಣ್ಯಗಳನ್ನು ಎರಕ ಹೊಯ್ಯುತ್ತಿದ್ದರು. ನಡುವೆ ಚೌಕ ತೂತು. ಕ್ರಿ.ಪೂ. 118ರಲ್ಲಿ ಬಂದ 'ವೂಝು' ನಾಣ್ಯದಲ್ಲಿ ಎರಡಕ್ಷರ, ಕ್ರಿ.ಶ. 621ರ 'ಕೈಯುವಾನ್' ನಾಣ್ಯದಲ್ಲಿ ನಾಲ್ಕಕ್ಷರ. ಬರಹ, ತೂಕ, ಲೋಹ, ಕಿಲುಬು ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಕಿಲುಬನ್ನು ರಾಸಾಯನಿಕದಿಂದಲೂ ಬರಿಸಬಹುದು.

ಹಾಗಾದರೆ ನಕಲು ಮಾಡುವುದೇ ತಪ್ಪೇ? ಅಲ್ಲ. ಕಾರ್ಖಾನೆಯ ಗೊಂಬೆಯೂ ಮಗುವಿನ ಆಟಕ್ಕೆ ಒದಗುತ್ತದೆ. ಅದನ್ನು ಹಾಲೆಮರಕ್ಕೆ ಅರಗು ಬಳಿದ ಚನ್ನಪಟ್ಟಣದ ಗೊಂಬೆಯೆಂದು ಮಾರಿದಾಗ ಮೋಸವಾಗುತ್ತದೆ. ಸುಳ್ಳು ಇರುವುದು ವಸ್ತುವಿನಲ್ಲಲ್ಲ, ಮಾರುವವನ ಮಾತಿನಲ್ಲಿ.

ಅಸಲಿ ನಾಣ್ಯದ ಬೆನ್ನಿಗೂ ಸುಳ್ಳು ಕತೆ ಅಂಟಬಹುದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಸಿಕ್ಕ ಚೀನೀ ನಾಣ್ಯವನ್ನು ಹಾನ್ ವಂಶದ ಕಾಲದ್ದೆಂದು ಗುರುತಿಸಲಾಯಿತು. ಮುಂದೆ ವಿದ್ವಾಂಸರು ಅದನ್ನು ಸಂದೇಹಿಸಿದರು. ನಾಣ್ಯ ತಾನು ಹುಟ್ಟಿದ ಕಾಲವನ್ನಷ್ಟೇ ಹೇಳುತ್ತದೆ. ಇಲ್ಲಿಗೆ ಯಾವಾಗ ಬಂತೆಂದು ಹೇಳಬೇಕಾದದ್ದು ಅದು ಹೂತಿದ್ದ ಮಣ್ಣಿನ ಪದರ.

ಆದ್ದರಿಂದ ಮಾಗಡಿ, ಕನಕಪುರ, ರಾಮನಗರದ ಯಾವುದೇ ಹೊಲದಲ್ಲಿ ಸಿಕ್ಕ ನಾಣ್ಯವನ್ನು ತಿಕ್ಕಿ ತೊಳೆದು ಗುಟ್ಟಾಗಿ ಮಾರಿದರೆ, ನಾವು ಖೋಟಾ ನಾಣ್ಯ ಟಂಕಿಸದೆಯೂ ಸತ್ಯವನ್ನು ಕೆಡಿಸಿದಂತೆ. ಇಂಥ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆನ್ನುತ್ತದೆ ಕಾನೂನು. ಕಾನೂನಿಗೆ ಹೆದರಿ ಅಲ್ಲ, ನಮ್ಮ ನೆಲದ ಸಾಕ್ಷ್ಯವನ್ನು ಉಳಿಸಲೆಂದೇ ತಿಳಿಸೋಣ.