ಇಸ್ಕೂಲು ಮರ

ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಗೇಟಿನಿಂದ ಕಚೇರಿಯ ಬಾಗಿಲವರೆಗೆ ಎರಡು ಬದಿಗೂ ಸೇರಿ ಹನ್ನೊಂದು ಮರಗಳಿದ್ದವು. ನೆಟ್ಟದ್ದು ಹನ್ನೆರಡಂತೆ, ಒಂದನ್ನು ಎಳೆಯದರಲ್ಲೇ ಯಾರದೋ ಎಮ್ಮೆ ತುಳಿದುಹಾಕಿತ್ತು. ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳಂತೆ ಅವು ಸಾಲಾಗಿ, ನೆಟ್ಟಗೆ ನಿಂತಿದ್ದವು. ಕೊಂಬೆಗಳೆಲ್ಲ ಕೆಳಕ್ಕೆ ಬಾಗಿ ಕಾಂಡಕ್ಕೆ ಅಂಟಿಕೊಂಡಂತಿದ್ದವು. ಎಲೆ ಉದ್ದ, ಅಂಚು ಅಲೆಅಲೆ. ಹೂವೋ, ಬಿಟ್ಟರೂ ಕಾಣದು. ತಿಳಿಹಸಿರು ನಕ್ಷತ್ರದಂಥದ್ದು, ಎಲೆಗಳ ನಡುವೆ ಅಡಗಿಕೊಂಡಿರುತ್ತದೆ. ಈ ಮರದ ಹೆಸರು ಅಶೋಕ ಎಂದು ಮುಖ್ಯೋಪಾಧ್ಯಾಯರಿಂದ ಹಿಡಿದು ಗಂಟೆ ಬಾರಿಸುವವನ ತನಕ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ನಾನು ಓದಿದ್ದು ಬಿ.ಎ., ಆಮೇಲೆ ಬಿ.ಇಡಿ. ಕನ್ನಡ, ಸಮಾಜ ನನ್ನ ವಿಷಯಗಳು. ಆ ವರ್ಷ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದವರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಎಂಟನೇ ತರಗತಿಯ ವಿಜ್ಞಾನ ನನ್ನ ತಲೆಗೆ ಬಂತು. ಗೊತ್ತಿಲ್ಲದ್ದನ್ನು ಪಾಠ ಮಾಡುವಾಗ ದನಿ ಸ್ವಲ್ಪ ಜೋರಾಗುತ್ತದೆ, ಉಪಾಧ್ಯಾಯರಾದವರು ಒಪ್ಪುತ್ತಾರೆ. ಹತ್ತು ಮರದ ಎಲೆ ತಂದು, ಒಣಗಿಸಿ, ನೋಟ್‌ಬುಕ್ಕಿಗೆ ಅಂಟಿಸಿ ಹೆಸರು ಬರೆಯಬೇಕೆಂದು ಮಕ್ಕಳಿಗೆ ಹೇಳಿದೆ. ಎಲ್ಲರೂ ತಂದರು. ಹೊಂಗೆ, ಬೇವು, ಹುಣಿಸೆ, ಮುತ್ತುಗ, ಕಕ್ಕೆ, ಆಲ. ಒಬ್ಬ ಹುಡುಗ ಆ ಅಲೆಅಂಚಿನ ಎಲೆಯ ಕೆಳಗೆ ದುಂಡಗೆ ಬರೆದಿದ್ದ: ಇಸ್ಕೂಲು ಮರ.

ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ಅಶೋಕ’ ಎಂದು ಬರೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಎದ್ದು ನಿಲ್ಲಿಸಿ, ಇದೇನೋ ಹೆಸರು ಎಂದೆ. “ನಮ್ಮಜ್ಜಿ ಹಂಗೇ ಅಂತಾರೆ ಮೇಡಂ” ಎಂದ. “ನಿಮ್ಮಜ್ಜಿ ಪಾಠಪುಸ್ತಕ ಬರೆದಿದ್ದಾರೇನೋ?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವನು ನಗಲಿಲ್ಲ, ಅಳಲೂ ಇಲ್ಲ. ನೋಟ್‌ಬುಕ್ ತೆಗೆದುಕೊಂಡು ಹೋಗಿ ಕೂತ.

ಮೂರು ನಾಲ್ಕು ವರ್ಷದ ಮೇಲೆ ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗಿಗೆ ಹೋಗಿದ್ದೆ. ಅಲ್ಲಿ ಒಂದು ಮರ, ಎತ್ತರವೇನಲ್ಲ, ಕೊಡೆಯಂತೆ ಹರಡಿಕೊಂಡಿತ್ತು, ಕೊಂಬೆಯ ಮೈಗೇ ಅಂಟಿ ಕಿತ್ತಳೆ ಕೆಂಪಿನ ಹೂಗೊಂಚಲು. ಹುಡುಗಿಯರು ಹೆಸರು ಕೇಳಿದರು. ನನಗೆ ಗೊತ್ತಿರಲಿಲ್ಲ. ಹತ್ತಿರ ಮಡಿ ಕೆರೆಯುತ್ತಿದ್ದ ಮಾಲಿಯನ್ನು ಕೇಳಿದೆ. “ಇದು ಅಶೋಕ ಕಣಮ್ಮ” ಎಂದ. ಅಲ್ಲ, ಅಶೋಕ ಎಂದರೆ ಉದ್ದಕ್ಕೆ ಬೆಳೆಯುವುದಲ್ಲವೇ ಎಂದೆ. “ಅದನ್ನ ಜನ ಹಂಗಂತಾರೆ. ಅಶೋಕ ಇದೇಯ” ಎಂದು ಅವನು ಮತ್ತೆ ಮಡಿಗೆ ಬಗ್ಗಿದ.

ಆಮೇಲೆ ಪುಸ್ತಕ ಹುಡುಕಿ ಓದಿದೆ. ಮಾಲಿ ಹೇಳಿದ್ದು ಸರಿ. ಸೀತೆ ಕೂತ ವನದ ಅಶೋಕ, ಹೆಂಗಸರ ಮದ್ದಿಗೆ ತೊಗಟೆ ಕೊಡುವ ಅಶೋಕ, ಹುಣಿಸೆ ಕಕ್ಕೆಗಳ ಕುಲದ್ದು. ಸಸ್ಯಶಾಸ್ತ್ರದಲ್ಲಿ ಅದು ಸರಾಕಾ ಅಶೋಕಾ. ನಮ್ಮ ಶಾಲೆಯದ್ದು ಸೀತಾಫಲದ ಕುಲದ್ದು. ಬಹಳ ಕಾಲ ಪಾಲಿಯಾಲ್ಥಿಯಾ ಎನ್ನುತ್ತಿದ್ದರು, ಈಗ ಮೊನೂನ್ ಲಾಂಗಿಫೋಲಿಯಂ ಎನ್ನುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ದೂರದ ನಂಟೂ ಇಲ್ಲ. ಹೆಸರಿನ ಈ ಗೊಂದಲ ಬರಿಯ ಬಾಯಿಮಾತಿನದೂ ಅಲ್ಲ. ನಿಜವಾದ ಅಶೋಕದ ತೊಗಟೆ ಸಾಲದೆ, ಈ ಹುಸಿ ಅಶೋಕದ ತೊಗಟೆಯನ್ನು ಔಷಧದ ಅಂಗಡಿಗಳಿಗೆ ಮಾರುವುದೂ ಉಂಟು.

ತಪ್ಪು ಹೆಸರು ಹೇಳುವುದು ಸುಳ್ಳು ಹೇಳಿದಂತೆಯೇ? ಅಲ್ಲ ಎಂದು ಮೊದಲು ಸಮಾಧಾನ ಹೇಳಿಕೊಂಡೆ. ಗೊತ್ತಿದ್ದು ಮರೆಮಾಚಿದರೆ ಸುಳ್ಳು, ನಾನು ಗೊತ್ತಿಲ್ಲದೆ ಹೇಳಿದೆ. ಆದರೆ ಮನಸ್ಸು ಒಪ್ಪಲಿಲ್ಲ. ನನಗೆ ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತಲ್ಲ! ಆ ಹುಡುಗನ ಅಜ್ಜಿ ಇಟ್ಟ ಹೆಸರಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಹೊಲದಲ್ಲಿ, ಬದುವಿನಲ್ಲಿ, ಗುಂಡುತೋಪಿನಲ್ಲಿ ಎಲ್ಲೂ ಕಾಣದ ಮರ, ಶಾಲೆಯ ಮುಂದೆ ಮಾತ್ರ ಕಂಡದ್ದು. ತಾನು ಕಂಡಷ್ಟನ್ನೇ ಅವಳು ಹೇಳಿದ್ದಳು. ನಾನು ಕಾಣದ್ದನ್ನೂ ಸೇರಿಸಿ ಹೇಳಿದ್ದೆ, ಕೆಂಪು ಶಾಯಿಯಲ್ಲಿ.

ಮರಗಳ ಹೆಸರಿನ ಹುಚ್ಚು ನನಗೆ ಹತ್ತಿದ್ದು ಹೀಗೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದವರಿಗೆ ಈ ಹುಚ್ಚಿನ ರುಚಿ ತಿಳಿದಿರುತ್ತದೆ. ಸ್ವಾಮಿಯವರು ತಾವು ವರ್ಣಿಸಿದ ಒಂದು ಗಿಡಕ್ಕೆ ಹಾರ್ವರ್ಡಿನ ತಮ್ಮ ಗುರು ಇರ್ವಿಂಗ್ ಬೈಲಿಯವರ ಹೆಸರಿಟ್ಟರು. ಗುರುದಕ್ಷಿಣೆ ಕೊಡಲು ಇದೂ ಒಂದು ದಾರಿ.

ಶಾಸ್ತ್ರೀಯ ಹೆಸರಿನಲ್ಲಿ ಎರಡು ಮಾತು ಏಕಿರುತ್ತವೆ ಎಂದು ಮಕ್ಕಳಿಗೆ ಹೇಳುವಾಗ ನಮ್ಮೂರನ್ನೇ ಉದಾಹರಣೆ ಕೊಡುತ್ತೇನೆ. ನನ್ನೂರು ಸಾಸಲು. ಸಾಸಲು ಎಂದಷ್ಟೇ ವಿಳಾಸ ಬರೆದರೆ ಕಾಗದ ಕೃಷ್ಣರಾಜಪೇಟೆಯ ಸಾಸಲಿಗೂ ಹೋದೀತು. ದೊಡ್ಡಬಳ್ಳಾಪುರದ ಸಾಸಲು ಎಂದರೆ ಮಾತ್ರ ನಮ್ಮ ಮನೆಗೆ ಬರುತ್ತದೆ. ಲಿನೇಯಸ್ ಎಂಬ ಸ್ವೀಡನ್ ದೇಶದವನು 1753ರಲ್ಲಿ ತಾನು ಅರಿತ ಗಿಡಗಳಿಗೆಲ್ಲ ಮಾಡಿದ್ದು ಇಷ್ಟೇ, ಊರೂ ತಾಲ್ಲೂಕೂ ಸೇರಿಸಿ ವಿಳಾಸ ಬರೆದ. ನಮ್ಮ ಹೊಂಗೆ ತಮಿಳರಿಗೆ ಪುಂಗೈ, ತೆಲುಗರಿಗೆ ಕಾನುಗ, ಮರಾಠಿಯವರಿಗೆ ಕರಂಜ. ಬೇರೆ ಬೇರೆ ದೇಶದ ಇಬ್ಬರು ವೈದ್ಯರು ಒಂದೇ ಮರದ ಮಾತಾಡುತ್ತಿದ್ದೇವೆಂದು ಖಾತ್ರಿ ಮಾಡಿಕೊಳ್ಳಬೇಕಾದರೆ ಪೊಂಗಾಮಿಯಾ ಪಿನ್ನಾಟಾ ಎನ್ನಲೇಬೇಕು. ಇದನ್ನು ಹಳಿಯುವುದು ಸುಲಭ, ಬಿಟ್ಟು ಬದುಕುವುದು ಕಷ್ಟ.

ಆ ಪೊಂಗಾಮಿಯಾ ಎಂಬ ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ ಎಂದು ವ್ಯಾಕರಣದಲ್ಲಿ ಕಲಿಸುತ್ತೇವೆ, ಪಾಲು ಹಾಲಾಯಿತು, ಪೂ ಹೂವಾಯಿತು. ನಮ್ಮ ಹೊಂಗೆ ಆ ಲ್ಯಾಟಿನ್ ಮಾತಿನೊಳಗೇ ಕೂತಿದೆ! ಅಲ್ಲಿಗೆ ಅದು ಹೋದದ್ದು ಮಲಯಾಳದ ಪುಂಗು, ಪೊಂಗಂ ಎಂಬ ರೂಪದಲ್ಲಿ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಎಂಬವನು ಮಲಬಾರಿನ ಗಿಡಮರಗಳ ಮೇಲೆ ಹನ್ನೆರಡು ಸಂಪುಟ ಮಾಡಿಸಿದ, 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಹೆಸರು, ಗುಣ, ಮದ್ದು ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರು. ಲಿನೇಯಸ್ ಈ ಸಂಪುಟಗಳನ್ನು ಮುಂದಿಟ್ಟುಕೊಂಡೇ ನಮ್ಮ ಕಡೆಯ ಎಷ್ಟೋ ಮರಗಳನ್ನು ಹೆಸರಿಸಿದ. ಆದರೆ ಶಾಸ್ತ್ರದ ಕಟ್ಟಳೆ ಹೇಗಿದೆಯೆಂದರೆ 1753ಕ್ಕೆ ಹಿಂದಿನ ಹೆಸರು ಲೆಕ್ಕಕ್ಕಿಲ್ಲ. ಮೊದಲು ಅರಿತವನದಲ್ಲ, ಕಟ್ಟಳೆಯಂತೆ ಮೊದಲು ಅಚ್ಚು ಹಾಕಿಸಿದವನದೇ ಹೆಸರು.

ಮುತ್ತುಗದ ಕಥೆ ನನಗೆ ಇನ್ನೂ ಬೇಸರ. ನಮ್ಮ ಸೀಮೆಯಲ್ಲಿ ಅದರ ಎಲೆ ಹಚ್ಚಿ ಊಟ ಮಾಡದ ಮನೆಯಿರಲಿಲ್ಲ. ಬೇಸಿಗೆ ಶುರುವಾಗುವ ಹೊತ್ತಿಗೆ ಎಲೆಯೆಲ್ಲ ಉದುರಿಸಿ ಮೈತುಂಬ ಕೆಂಡ ಸುರಿದುಕೊಂಡಂತೆ ಹೂ ಬಿಡುತ್ತದೆ. ಅದಕ್ಕೆ ಸಿಕ್ಕ ಹೆಸರು ಬ್ಯೂಟಿಯಾ, ಬ್ರಿಟನ್ನಿನ ಪ್ರಧಾನಿಯಾಗಿದ್ದ ಬ್ಯೂಟ್ ಪ್ರಭುವಿನ ಗೌರವಾರ್ಥ. ಆತ ಸಸ್ಯಶಾಸ್ತ್ರಪ್ರಿಯನಂತೆ, ಇರಲಿ. ಮುತ್ತುಗದೆಲೆಯಲ್ಲಿ ಒಂದು ಹೊತ್ತು ಉಂಡವನಲ್ಲ. ಮಂದಾರಕ್ಕೆ ಮಾತ್ರ ಚೆಂದದ ಹೆಸರಿಟ್ಟಿದ್ದಾರೆ. ಬಾಹಿನ್ ಎಂಬ ಅಣ್ಣತಮ್ಮಂದಿರಿಬ್ಬರೂ ಸಸ್ಯಜ್ಞರು, ಆ ಮರದ ಎಲೆ ನಡುವೆ ಸೀಳಿ ಎರಡಾಗಿ ಕಂಡರೂ ಬುಡದಲ್ಲಿ ಒಂದೇ, ಆದ್ದರಿಂದ ಅದು ಬಾಹಿನಿಯಾ.

ಹಾಗೆಂದು, ಪರದೇಶದವರ ಹೆಸರೆಲ್ಲ ಅನ್ಯಾಯ, ನಮ್ಮ ಹೆಸರೆಲ್ಲ ಸತ್ಯ ಎಂದು ಹೊರಟರೆ ನಾಲ್ಕು ಹೆಜ್ಜೆಗೆ ಮುಗ್ಗರಿಸುತ್ತೇವೆ. ಅಶೋಕವಲ್ಲದ್ದನ್ನು ಅಶೋಕ ಎಂದವರು ನಾವೇ. ನಮ್ಮ ಹೋಬಳಿಯ ಸುತ್ತ ಎಕರೆಗಟ್ಟಲೆ ನಿಂತು ನೀರು ಹೀರಿದ ಮರವನ್ನು ನೀಲಗಿರಿ ಎನ್ನುತ್ತೇವೆ, ನಮ್ಮ ಪಕ್ಕದ ಬೆಟ್ಟದಲ್ಲಿ ಹುಟ್ಟಿದ್ದೋ ಎಂಬಂತೆ. ಅದು ಆಸ್ಟ್ರೇಲಿಯಾದ್ದು, 2017ರಲ್ಲಿ ಸರ್ಕಾರ ಅದನ್ನು ಹೊಸದಾಗಿ ನೆಡಬಾರದೆಂದು ಆಜ್ಞೆ ಮಾಡುವಷ್ಟಾಯಿತು. ದೇವಸ್ಥಾನದ ಅಂಗಳದ ನಾಗಲಿಂಗದ ಹೂವಿನಲ್ಲಿ ಹೆಡೆಯನ್ನೂ ಲಿಂಗವನ್ನೂ ಕಂಡು ಕೈಮುಗಿಯುತ್ತೇವೆ. ಅದರ ಮೂಲ ದಕ್ಷಿಣ ಅಮೆರಿಕದ ಕಾಡು, ಶಾಸ್ತ್ರದ ಹೆಸರಿನಲ್ಲಿ ಗಯಾನಾ ಇದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಹಳೆಯ ಹುಣಿಸೆಯ ತೋಪಿದೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದು ಅದನ್ನೇ. ಹುಣಿಸೆಗೆ ಅರಬರು ಇಟ್ಟ ಹೆಸರಿನ ಅರ್ಥ ಹಿಂದೂಸ್ತಾನದ ಖರ್ಜೂರ, ಲಿನೇಯಸ್ ಅದರ ಮೇಲೆ ಇಂಡಿಕಾ ಎಂದೂ ಸೇರಿಸಿದ. ಮರ ಆಫ್ರಿಕಾ ಮೂಲದ್ದು! ಹೆಸರಿನಲ್ಲೇ ಎರಡು ಸಲ ಇಂಡಿಯಾ ಎಂದು ಬರೆಸಿಕೊಂಡ ಮರ ನಮ್ಮದಲ್ಲ. ಆದರೆ ನಲ್ಲೂರಿನ ಆ ಬುಡಗಳ ಮುಂದೆ ನಿಂತು ಇವು ನಮ್ಮವಲ್ಲ ಎನ್ನಲು ನನಗಂತೂ ಬಾಯಿ ಬರಲಿಲ್ಲ.

ಶಾಸ್ತ್ರಜ್ಞರಲ್ಲಿ ನನಗೆ ಮೆಚ್ಚುಗೆಯಾದ ಒಂದು ಗುಣವಿದೆ. ತಪ್ಪಿದೆವೆಂದು ತಿಳಿದಾಗ ಹೆಸರು ಬದಲಿಸುತ್ತಾರೆ, ಹಳೆಯದನ್ನು ಉಜ್ಜಿ ಹಾಕುವುದಿಲ್ಲ. ಅಶೋಕವನ್ನೇ ತೆಗೆದುಕೊಳ್ಳಿ. ರಾಕ್ಸ್‌ಬರೋ ಅದಕ್ಕೆ ವಿಲಿಯಂ ಜೋನ್ಸರ ನೆನಪಿಗೆ ಜೋನ್ಸಿಯಾ ಅಶೋಕಾ ಎಂದ. ಆಮೇಲೆ ಬಹಳ ಕಾಲ ಅದನ್ನು ಆಗ್ನೇಯ ಏಷ್ಯಾದ ಬೇರೊಂದು ಮರವೆಂದು ತಿಳಿದು ಸರಾಕಾ ಇಂಡಿಕಾ ಎಂದು ಕರೆದರು. 1960ರ ದಶಕದಲ್ಲಿ ಬೇರ್ಪಡಿಸಿ ಸರಾಕಾ ಅಶೋಕಾ ಎಂದರು. ಹಾಗೆ ಬದಲಿಸಿದಾಗ ಮೊದಲು ಹೆಸರಿಟ್ಟವನನ್ನು ಆವರಣದಲ್ಲಿ ಹಾಕಿ, ಬದಲಿಸಿದವನನ್ನು ಹೊರಗೆ ಬರೆಯುತ್ತಾರೆ. ಯಾರು ಏನೆಂದಿದ್ದರು ಎಂಬುದು ಹೆಸರಿನ ಜೊತೆಗೇ ಉಳಿಯುತ್ತದೆ. ನನ್ನ ಅಡ್ಡಗೆರೆಗೆ ಈ ಸೌಜನ್ಯ ಇರಲಿಲ್ಲ.

2024ರ ಜುಲೈನಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಇನ್ನೂ ದೊಡ್ಡದೊಂದು ನಡೆಯಿತು. ನಮ್ಮ ಹಾಲುವಾಣದ ಕುಲದ ಒಂದು ಕೆಂಪು ಹೂವಿನ ಮರ ದಕ್ಷಿಣ ಆಫ್ರಿಕಾದಲ್ಲಿದೆ. ಅದರ ಹೆಸರಿನ ಎರಡನೆಯ ಮಾತು ‘ಕಾಫ್ರಾ’. ಅಲ್ಲಿನ ಕಪ್ಪು ಜನರನ್ನು ಬಿಳಿಯರು ಹೀನಾಯವಾಗಿ ಬೈಯುತ್ತಿದ್ದ ಮಾತಿನಿಂದ ಬಂದದ್ದು. ಇಂಥ ಹೆಸರು ಹೊತ್ತ ಜಾತಿಗಳು ಇನ್ನೂರಕ್ಕೂ ಮೇಲಿದ್ದವು. ಮತ ಹಾಕಿ, ಮೊದಲ ಅಕ್ಷರದ ವ್ಯಂಜನ ತೆಗೆದು ‘ಆಫ್ರಾ’ ಮಾಡಿದರು, ಆಫ್ರಿಕಾದ್ದು ಎಂಬ ಅರ್ಥಕ್ಕೆ. ಮರಕ್ಕೆ ಬೈಗುಳ ತಾಗುವುದಿಲ್ಲ, ಹೌದು. ಹೆಸರು ಇರುವುದು ಮರಕ್ಕಾದರೂ ಕೇಳಿಸುವುದು ಮನುಷ್ಯರಿಗೆ. ಮೊದಲು ಅಚ್ಚಾದದ್ದೇ ನಿಲ್ಲಬೇಕೆಂಬ ಕಟ್ಟಳೆಯ ಜನವೇ ಅದಕ್ಕೆ ಬಗ್ಗಿದರು ಎಂದು ಪತ್ರಿಕೆಯಲ್ಲಿ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅದಕ್ಕೆ ಕಾರಣ ಹೇಳಬೇಕು.

ಆ ಇಸ್ಕೂಲು ಮರದ ಹುಡುಗ ಹತ್ತನೇ ತರಗತಿಗೆ ಬಂದಾಗ ನಾನೇ ಅವನ ತರಗತಿ ಶಿಕ್ಷಕಿ. ಪರೀಕ್ಷಾ ಮಂಡಳಿಗೆ ಹೆಸರುಪಟ್ಟಿ ಕಳಿಸುವ ಹೊತ್ತಿಗೆ ಅವನ ಅಜ್ಜಿ ಬಂದರು. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಸಾವಿನ ಕಣ್ಣು ತಪ್ಪಿಸಲು ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು, ಯಾರಿಗೂ ಬೇಡದ ಹೆಸರಿಡುತ್ತಾರಲ್ಲ, ಅಂಥದ್ದು. “ಮೇಡಮ್ಮೋರೇ, ಅದು ಹೆದರ್ಕೊಂಡು ಮಡಗಿದ್ ಹೆಸ್ರು. ಈಗ ಮಗ ಉಳ್ಕೊಂಡ. ನಾಕ್ ಜನದ್ ಮುಂದೆ ಕರೀವಂಗೆ ಒಂದೊಳ್ಳೆ ಹೆಸ್ರು ಬರೀರಿ” ಎಂದರು. ಆಗದ ಕೆಲಸವಾಗಿರಲಿಲ್ಲ. ಪ್ರಮಾಣಪತ್ರ ಮಾಡಿಸಬೇಕಿತ್ತು, ದೊಡ್ಡಬಳ್ಳಾಪುರಕ್ಕೆ ಎರಡು ಮೂರು ಸಲ ಓಡಾಡಬೇಕಿತ್ತು. ನನಗೆ ಬೇಸರ. ಶಾಲೆಗೆ ಸೇರಿಸುವಾಗ ಬರೆಸಿದ ಹೆಸರು ಬದಲಿಸುವಂತಿಲ್ಲ ಅಜ್ಜಿ ಎಂದುಬಿಟ್ಟೆ. “ಬರೆದವರು ನೀವಲ್ಲವಾ, ತಿದ್ದಕೂ ನಿಮ್ಗೇ ಆಗ್ಬೇಕು” ಎಂದು ಅವರು ಸ್ವಲ್ಪ ಹೊತ್ತು ನಿಂತಿದ್ದು ಹೋದರು. ಇದು ಗೊತ್ತಿಲ್ಲದೆ ಹೇಳಿದ್ದಲ್ಲ.

ಹೋದ ವರ್ಷ ಅವನು ಮದುವೆಯ ಲಗ್ನಪತ್ರಿಕೆ ಕೊಡಲು ಮನೆಗೆ ಬಂದ. ಕಾರ್ಖಾನೆಯಲ್ಲಿ ಕೆಲಸ, ಮೀಸೆ ಬಿಟ್ಟಿದ್ದಾನೆ. ಪತ್ರಿಕೆಯಲ್ಲಿ ವರನ ಹೆಸರು ನನಗೆ ಗುರುತು ಸಿಗಲಿಲ್ಲ. ಅದರ ಮುಂದೆ ಆವರಣದಲ್ಲಿ, ಸಣ್ಣ ಅಕ್ಷರದಲ್ಲಿ, ನಾನು ಮಂಡಳಿಗೆ ಕಳಿಸಿದ ಹೆಸರಿತ್ತು. ಕೋರ್ಟಿನಲ್ಲಿ ಮಾಡಿಸಿದೆಯಾ ಎಂದೆ. “ಇಲ್ಲ ಮೇಡಂ, ಕಾಗದದಲ್ಲೆಲ್ಲ ಹಳೇದೇ. ಇದು ಕರೆಯೋಕೆ” ಎಂದ. ಅಂದು ನಾನು ಮಾಡಿದ್ದು ತಪ್ಪು ಎಂದು ಹೇಳಿದೆ. “ಬಿಡಿ ಮೇಡಂ, ಯಾವತ್ತಿಂದೋ” ಎಂದು ಕಾಫಿ ಕುಡಿದು ಹೋದ. ಅವನು ಯಾವ ತಪ್ಪನ್ನು ಬಿಡಿ ಎಂದನೋ, ಆ ನಗುವನ್ನೋ ಈ ಹೆಸರನ್ನೋ, ತಿಳಿಯಲಿಲ್ಲ.

ಮದುವೆಗೆ ಹೋಗಿದ್ದೆ. ಮುಯ್ಯಿಯ ಕವರಿನ ಮೇಲೆ ಹೊಸ ಹೆಸರು ಬರೆದೆ. ಅಜ್ಜಿ ಇನ್ನೂ ಇದ್ದಾರೆ, ಕಣ್ಣು ಮಂಜು. ಚಪ್ಪರದ ಕಂಬಕ್ಕೆ ಒರಗಿ ಕೂತು, ಹಸೆಯ ಮೇಲಿದ್ದ ಮೊಮ್ಮಗನನ್ನು ಆ ತಿಪ್ಪೆಯ ಹೆಸರಿನಿಂದಲೇ ಕೂಗುತ್ತಿದ್ದರು, ಅವನು ಪ್ರತಿ ಸಲವೂ “ಏನಜ್ಜೀ” ಎನ್ನುತ್ತಿದ್ದ. ನಾನು ಹತ್ತಿರ ಹೋಗಿ ಕೂತು, ಯಾರೆಂದು ಗುರುತು ಹೇಳಿದೆ. ಕೈ ಹಿಡಿದುಕೊಂಡರು. “ಇಸ್ಕೂಲ್ ಮುಂದ್ಲು ಮರ ಅವ್ಯಾ?” ಎಂದು ಕೇಳಿದರು. ಹೊಸ ಕೊಠಡಿ ಕಟ್ಟುವಾಗ ಆರು ಕಡಿದರು, ಐದು ಇವೆ ಎಂದೆ.